ಊರ ಬದಿ – 6: ಸೀಟಿ ಊದೋರು

ಗೇರುಸೊಪ್ಪೆ ಚತುರ್ಮುಖ ಬಸದಿಗೆ ಹೋದಾಗ ನಾವು ಮಾಡಿದ ಮೊದಲ ಕೆಲಸ ಎಂತ ಗೊತ್ತಾ? ಗೋಡೆಯ ಕಲ್ಲಿಗೆ ಕಾಲು ಕೊಟ್ಟು ಹತ್ತಿ ರೀಲ್ ಮಾಡಿದ್ದು. ಸೀಟಿ ಕೇಳ್ತು. "ತಮಾ, ಕೆಳಗಿಳಿ." ಬಸದಿ ನೋಡ್ಕೊಳ್ಳೋರು, ಕೈಯಲ್ಲಿ ಕತ್ತಿ, ಹುಲ್ಲು ಸವರ್ತಾ ಇದ್ರು. ನಮಗೆ ಸಿಟ್ಟೇ ಬಂತು, ಸುಳ್ಳು ಎಂತಕ್ಕೆ ಹೇಳೂದು.

ಆಮೇಲೆ ಮಳೆ ಹಿಡೀತು. ಅವರ ಜೊತೆ ಒಳಗೆ ನಿಲ್ಲಲೇಬೇಕಾಯ್ತು.

ನಾಲ್ಕು ಬಾಗಿಲು, ನಡುವೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ತೀರ್ಥಂಕರರು. ನಮಗೆ ನಾಲ್ಕೂ ಒಂದೇ. ಅವರಿಗೆ ಅಲ್ಲ. ಬೆಳಗ್ಗೆ ಪೂರ್ವದವರ ಮೇಲೆ ಬೆಳಕು, ಸಂಜೆ ಪಶ್ಚಿಮದವರ ಮೇಲೆ. "ಗಡಿಯಾರ ಬೇಡ ನಂಗೆ" ಅಂದ್ರು. ದಿನಾ ನೋಡಿ ಬೇಜಾರು ಬರೂದಿಲ್ವಾ ಅಂತ ಕೇಳಿದೆ. "ಮೊದಲ ವರ್ಷ ನೋಡ್ದೆ. ಮತ್ತೆ ಎರಡು ವರ್ಷ ಕಣ್ಣಿಗೇ ಬೀಳ್ಲಿಲ್ಲ. ಪಾಚಿ ತೆಗೀತಾ ತೆಗೀತಾ ಮತ್ತೆ ಕಾಣೂಕೆ ಶುರುವಾಯ್ತು."

ಇದು ನನ್ನ ತಲೇಲಿ ಕೂತುಬಿಡ್ತು. ಕಲೆ ನಡುವೆ ಇದ್ದ ಮಾತ್ರಕ್ಕೆ ಯಾರೂ ರಸಿಕರಾಗೂದಿಲ್ಲ. 2021ರ ಕೊನೆಗೆ ರಷ್ಯಾದಲ್ಲಿ ಒಬ್ಬ ಗಾರ್ಡ್ ಕೆಲಸದ ಮೊದಲ ದಿನವೇ, ಮುಖವಿಲ್ಲದ ಚಿತ್ರಕ್ಕೆ ಬಾಲ್‌ಪೆನ್ನಲ್ಲಿ ಕಣ್ಣು ಬರೆದುಬಿಟ್ಟಿದ್ದ! ಆದ್ರೆ 2022ರಲ್ಲಿ ಅಮೆರಿಕದ ಬಾಲ್ಟಿಮೋರ್ ಮ್ಯೂಸಿಯಂ ತನ್ನ 17 ಗಾರ್ಡ್‌ಗಳಿಗೇ ಕೃತಿ ಆರಿಸೋಕೆ ಕೊಟ್ಟು ಪ್ರದರ್ಶನ ಮಾಡ್ತು. ಯಾವುದನ್ನ ಯಾಕೆ ಆರಿಸಿದ್ವಿ ಅಂತ ಅವರೇ ಹೇಳಿದ್ರು.

ನಮ್ಮಲ್ಲಿ? ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ ಇರ್ಲಿ, ಕುಮಟಾ ಕಡೆಯ ಮಿರ್ಜಾನ್ ಕೋಟೆ ಇರ್ಲಿ, ಟ್ರಿಪ್ ಹೋದಾಗ ಮೈಕ್ ಹಿಡಿಯೋರು ಹೊರಗಿಂದ ಬಂದೋರು. ದಿನಾ ಅಲ್ಲಿರೋರು ನಮ್ಮ ಚಪ್ಪಲಿ ಕಾಯ್ತಾರೆ. ನೀಲಿ ಬೋರ್ಡಲ್ಲಿ ಇವರ ಬಗ್ಗೆ ಒಂದು ಸಾಲೂ ಇಲ್ಲ. ಹಾನಿ ಮಾಡಿದ್ರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ ಕಾನೂನು ಇದೆ, ಸರಿ. ಆದ್ರೆ ಆವತ್ತು ನಮ್ಮನ್ನ ಕೆಳಗಿಳಿಸಿದ್ದು ಕಾನೂನಲ್ಲ, ಆ ಸೀಟಿ.

ಏಪ್ರಿಲ್ 18ರ ವಿಶ್ವ ಪರಂಪರೆ ದಿನಕ್ಕೆ ನಮ್ಮ ಕಾಲೇಜುಗಳು ಭಾಷಣಕ್ಕೆ ಜನ ಹುಡುಕ್ತಾವೆ ಅಲ್ವಾ, ಒಂದ್ಸಲ ಇವರನ್ನ ಕರೀರಿ. ಸ್ಟೇಜ್ ಬೇಡ, ಅಲ್ಲೇ ಹೋಗಿ ಕೂರೋಣ. ಶಾಲು ಹೊದಿಸಿ ಕಳಿಸೂದಲ್ಲ, ಅವರು ಮಾತಾಡ್ಲಿ. ದಿನದ ಸಂಬಳ ಎಷ್ಟು ಅಂತಾನೂ ಕೇಳೋಣ, ಬಿಕಾಂನವ್ರು ನಾವು.

ರೀಲ್ ಡಿಲೀಟ್ ಮಾಡಿದ್ದೀನಿ. ಎರಡನೇ ಫೋಟೋ ಅವರು "ಇಲ್ಲಿ ನಿಂತು ತೆಗಿ" ಅಂದ ಜಾಗದಿಂದ, ಮಳೆ ಬಿಟ್ಟ ಮೇಲೆ.

#ಊರಬದಿ #ಗೇರುಸೊಪ್ಪೆ #ಹೊನ್ನಾವರ