ಕಾಲೇಜು ತೆರೆಯುವ ಮುನ್ನ

ಮೇ ತಿಂಗಳು ಬಂತೆಂದರೆ ಕರಾವಳಿಯ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಆರಂಭವಾಗುತ್ತದೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತದೆ. ಭರಣಿಯಲ್ಲಿ ಮಾವಿನ ಮಿಡಿ ಉಪ್ಪು ಹೀರುತ್ತದೆ. ಮಾಡು ಸೋರುವ ಕಡೆ ಹಳೆಯ ಹೆಂಚು ತೆಗೆದು ಹೊಸದು ಹೊದಿಸುತ್ತಾರೆ. ಯಾವ ಕೆಲಸಕ್ಕೆ ಎಷ್ಟು ದಿನ ಬೇಕೆಂಬುದು ಮನೆಯ ಅಜ್ಜಿಗೆ ಬಾಯಿಪಾಠ. ಆದರೆ ಅದೇ ಮನೆಯಲ್ಲಿ ಪಿ.ಯು.ಸಿ. ಮುಗಿಸಿ ಪದವಿ ತರಗತಿಗೆ ಹೋಗಲಿರುವ ಮಗನೋ ಮಗಳೋ ಇದ್ದರೆ, ಆ ಸಿದ್ಧತೆಗೆ ಮಾತ್ರ ಅಜ್ಜಿಯ ಲೆಕ್ಕ ಒದಗುವುದಿಲ್ಲ. ಫಲಿತಾಂಶದ ದಿನ ಪೇಡೆ ಹಂಚಿ, ಮರುದಿನದಿಂದ ನೆಂಟರ ಸಲಹೆ ಕೇಳುತ್ತ ಕುಳಿತು, ಕೊನೆಯ ದಿನ ಕಾಲೇಜಿನ ಕಚೇರಿಗೆ ಓಡುವುದೇ ಅನೇಕ ಸಂಸಾರಗಳ ಕ್ರಮ.

ಹಿಂದಿನವರಿಗೆ ಆಯ್ಕೆಯ ತೊಡಕೇ ಇರಲಿಲ್ಲ. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಸ್ಥಾಪನೆಯಾದುದು 1949ರಲ್ಲಿ. ಅದಕ್ಕೆ ಮುನ್ನ ಪದವಿ ಬೇಕೆಂದವರು ಮಂಗಳೂರಿಗೋ ಮದರಾಸಿಗೋ ಹೋಗಬೇಕಿತ್ತು. ಅನುಕೂಲವಿಲ್ಲದವರಲ್ಲಿ ಎಷ್ಟೋ ಮಂದಿ ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದರು. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1960ರಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜು ಮತ್ತು ಕಾರ್ಕಳದ ಭುವನೇಂದ್ರ ಕಾಲೇಜು, ಹೀಗೆ ಹತ್ತೇ ವರ್ಷಗಳಲ್ಲಿ ಊರಿನ ಚಿತ್ರ ಬದಲಾಯಿತು. ಇಂದು ಕಾಪುವಿನ ಹುಡುಗಿ ಅರ್ಧ ದಾರಿಯ ಬಸ್ಸಿನಲ್ಲಿ ತಲುಪಬಹುದಾದ ಕಾಲೇಜುಗಳನ್ನು ಎಣಿಸಲು ಎರಡು ಕೈಗಳ ಬೆರಳುಗಳು ಸಾಲವು. ಆಯ್ಕೆ ಹೆಚ್ಚಿದಷ್ಟೂ ಮನೆಯಲ್ಲಿ ಮಾತು ಹೆಚ್ಚುತ್ತದೆ.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ತಂದೆ ಮಸ್ಕತ್ತಿನಲ್ಲಿ, ಶುಕ್ರವಾರದ ರಜೆಯಂದು ಅವರ ಕರೆ ಬರುತ್ತದೆ. ಮಗಳು ಇಂಜಿನಿಯರ್ ಆಗಬೇಕೆಂದು ಅವರ ಆಸೆ. ಸೋದರಮಾವನಿಗೆ ಬಿ.ಕಾಂ. ಮೇಲೆ ವಿಶ್ವಾಸ. ತಾಯಿಗೆ ಮಗಳು ಸಂಜೆ ಮನೆ ಸೇರಿದರೆ ಸಾಕು. ಹುಡುಗಿಯನ್ನು ಮಾತ್ರ ಯಾರೂ ಕೇಳಿಲ್ಲ; ಕೇಳಿದವರೂ ಉತ್ತರಕ್ಕೆ ಕಾಯಲಿಲ್ಲ. ಇದು ಬರಿಯ ಮರ್ಯಾದೆಯ ಪ್ರಶ್ನೆಯಲ್ಲ. ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ವಿದ್ಯಾರ್ಥಿ ನಮೂದಿಸಿದ ಆಯ್ಕೆಗಳ ಕ್ರಮಕ್ಕೇ ಬೆಲೆ. ಐದನೆಯ ಆಯ್ಕೆ ದೊರೆತರೆ ಆರನೆಯದರಿಂದ ಕೆಳಗಿನವೆಲ್ಲ ತಾವಾಗಿಯೇ ಬಿದ್ದುಹೋಗುತ್ತವೆ. ಮಾವನ ಮಾತಿಗೆ ಮೇಲೇರಿಸಿದ ಒಂದು ಹೆಸರು ಹುಡುಗಿಯ ನಾಲ್ಕು ವರ್ಷಗಳನ್ನು ನಿರ್ಧರಿಸೀತು. ಆದುದರಿಂದ ಪಟ್ಟಿಯನ್ನು ಮೊದಲು ಆಕೆಯೇ ಕಾಗದದ ಮೇಲೆ ಬರೆಯಲಿ, ಪ್ರತಿಯೊಂದರ ಎದುರು ಕಾರಣವನ್ನೂ ಬರೆಯಲಿ. ಹಿರಿಯರು ಆಮೇಲೆ ವಾದಿಸಬಹುದು. ಗೆಳತಿ ಸೇರುತ್ತಾಳೆಂಬುದೊಂದೇ ಕಾರಣವಾಗಿದ್ದರೆ ಅದು ಆಗ ತಾನಾಗಿಯೇ ಬಯಲಾಗುತ್ತದೆ.

ಮಣಿಪಾಲದ ವಿಶ್ವವಿದ್ಯಾಲಯದ ಪ್ರವೇಶ ಈ ಹಂಚಿಕೆಗೆ ಸೇರಿದುದಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ, ಬೇರೆಯೇ ಶುಲ್ಕ. ಮನೆಯ ಜಗಲಿಯಿಂದ ಕಾಣುವ ಬಾಗಿಲು ಮನೆಯ ಕಿಸೆಗೂ ಹತ್ತಿರವಾಗಿರಬೇಕೆಂದಿಲ್ಲ. ಇನ್ನು, ಹಿಂದೆ ಓದಿದ ಅಣ್ಣ ಅಕ್ಕಂದಿರ ಸಲಹೆಯನ್ನು ಸ್ವಲ್ಪ ಎಚ್ಚರದಿಂದಲೇ ಕೇಳಬೇಕು. 2021ರಲ್ಲಿ ರಾಜ್ಯದ ಪದವಿ ತರಗತಿಗಳಿಗೆ ನಾಲ್ಕು ವರ್ಷಗಳ ಕ್ರಮ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಲಾಯಿತು. ಅಕ್ಕ ಸೇರಿದಾಗ ಇದ್ದ ನಿಯಮ ತಮ್ಮನ ಕಾಲಕ್ಕೆ ಇಲ್ಲ.

ಕಾಗದಪತ್ರಗಳ ವಿಷಯದಲ್ಲಿ ಹೆಚ್ಚು ಸಂಸಾರಗಳು ಎಡವುವುದು ಒಂದೇ ಕಡೆ: ಹೆಸರು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಆಧಾರ್ ಚೀಟಿಯಲ್ಲಿ ಮನೆತನದ ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಎರಡೂ ಇಲ್ಲ. ವಿದ್ಯಾರ್ಥಿವೇತನದ ಅರ್ಜಿ ಇಂತಹ ಅಕ್ಷರಭೇದದಿಂದಲೇ ತಿಂಗಳುಗಟ್ಟಲೆ ನಿಂತುಹೋಗುವುದುಂಟು; ಹಣ ಬರುವುದು ಆಧಾರಿಗೆ ಜೋಡಿಸಿದ ಖಾತೆಗೆ ಮಾತ್ರ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ನಾಡಕಚೇರಿಗೆ ಹೋಗಬೇಕು. ಕಾರ್ಕಳದ ಸುತ್ತಲಿನ ಹಳ್ಳಿಯ ಮಕ್ಕಳು ಇನ್ನೊಂದನ್ನು ಮರೆಯಬಾರದು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಶಾಲೆಯಲ್ಲಿ ಓದಿದವರಿಗೆ ವೃತ್ತಿಶಿಕ್ಷಣದ ಸರಕಾರಿ ಸೀಟುಗಳಲ್ಲಿ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಿದೆ. ಹಳ್ಳಿಯ ಶಾಲೆಯಲ್ಲಿ ಓದಿದುದನ್ನು ಮುಚ್ಚಿಟ್ಟುಕೊಳ್ಳುವ ಸಂಕೋಚ ಕೆಲವು ಮನೆಗಳಲ್ಲಿದೆ. ಆ ಸಂಕೋಚಕ್ಕೆ ಒಂದು ಸೀಟಿನ ಬೆಲೆ ತೆರಬೇಕಾದೀತು.

ಈ ಕಚೇರಿಗಳಿಗೆಲ್ಲ ತಂದೆಯೇ ಓಡಾಡಿ, ಮಗ ಮನೆಯಲ್ಲಿ ಕ್ರಿಕೆಟ್ ನೋಡುತ್ತ ಕುಳಿತಿರುವ ದೃಶ್ಯ ಅಪರೂಪವಲ್ಲ. ಹದಿನೆಂಟು ತುಂಬಿದವನು ಮತ ಹಾಕಬಲ್ಲನಾದರೆ ಸರತಿಯಲ್ಲಿಯೂ ನಿಲ್ಲಬಲ್ಲನು. ಒಂದು ಅರ್ಜಿ ತಪ್ಪಾಗಲಿ, ಗುಮಾಸ್ತರು ಹಿಂದಕ್ಕೆ ಕಳುಹಿಸಲಿ. ಮರುದಿನ ಅವನೇ ತಿದ್ದಿಕೊಂಡು ಹೋಗುತ್ತಾನೆ. ಕೊನೆಯ ದಿನಕ್ಕೆ ಮುನ್ನ ಎರಡು ವಾರ ಉಳಿದಿರುವಾಗ ಇಂತಹ ತಪ್ಪಿನಿಂದ ನಷ್ಟವಿಲ್ಲ.

ಇಂಗ್ಲಿಷಿನ ಭಯವೊಂದು ಇದೆ. ಅದನ್ನು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ತಲೆನೋವು, ಸಿಡುಕು, ‘ಆ ಕಾಲೇಜು ಬೇಡ’ ಎಂಬ ಹಠ, ಇವುಗಳ ಹಿಂದೆ ಕೆಲವೊಮ್ಮೆ ಅದೇ ಅಡಗಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗು ಮೊದಲ ದಿನವೇ ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರವನ್ನು ಕೇಳಬೇಕು. ಆದರೆ ಈ ಜಿಲ್ಲೆಯ ಮಕ್ಕಳಿಗೆ ಇದು ಹೊಸ ಅನುಭವವೆ? ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತ ಬೆಳೆದು, ಆರನೆಯ ವರ್ಷದಲ್ಲಿ ಶಾಲೆಯ ಕನ್ನಡವನ್ನು ಕೆಲವೇ ತಿಂಗಳುಗಳಲ್ಲಿ ತಮ್ಮದಾಗಿಸಿಕೊಂಡವರು ಇವರು. ಅದನ್ನು ಅವರಿಗೆ ನೆನಪಿಸಿಕೊಡುವವರು ಬೇಕು. ದುಬಾರಿಯ ತರಬೇತಿಗಿಂತ, ನೆರೆಯ ಹಿರಿಯ ವಿದ್ಯಾರ್ಥಿಯಿಂದ ಮೊದಲ ಸೆಮಿಸ್ಟರಿನ ಒಂದು ಪಠ್ಯಪುಸ್ತಕವನ್ನು ತಂದು ದಿನವೂ ಅರ್ಧ ಗಂಟೆ ಗಟ್ಟಿಯಾಗಿ ಓದುವುದು, ತಿಳಿಯದ ಹತ್ತು ಪದಗಳನ್ನು ನೋಟುಪುಸ್ತಕದಲ್ಲಿ ಕನ್ನಡದ ಅರ್ಥದೊಡನೆ ಬರೆದಿಡುವುದು ಹೆಚ್ಚು ಫಲಕಾರಿ. ಎರಡು ತಿಂಗಳಲ್ಲಿ ಆರುನೂರು ಪದಗಳಾದವು. ತಾಯಿಗೆ ಇಂಗ್ಲಿಷು ಬಾರದಿದ್ದರೂ ಪಕ್ಕದಲ್ಲಿ ಕುಳಿತು ಕೇಳಬಹುದು. ಅರ್ಥವಾಗದ ಕಡೆ ‘ಹಾಗೆಂದರೇನು?’ ಎಂದು ಕೇಳಿದರೆ ಮಗಳು ವಿವರಿಸಿಯೇ ಕಲಿಯುತ್ತಾಳೆ.

ಹಣದ ಮಾತು ಎಲ್ಲಕ್ಕಿಂತ ಕಠಿನ. ಉಡುಪಿಯ ನೆಲದಲ್ಲಿ ಹಣವನ್ನು ಕಿರಿದಾಗಿ ಕೂಡಿಡುವ ವಿದ್ಯೆ ಹಳೆಯದು. 1925ರಲ್ಲಿ ಇಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇಷ್ಟಾದರೂ, ಮನೆಯ ನಿಜವಾದ ಆದಾಯವೆಷ್ಟೆಂದು ಮಕ್ಕಳಿಗೆ ಹೇಳುವ ರೂಢಿ ಇಲ್ಲಿ ಬೆಳೆಯಲಿಲ್ಲ. ತಾಯಿ ಬಳೆಗಳನ್ನು ಅಡವಿಟ್ಟು ಶುಲ್ಕ ಕಟ್ಟುತ್ತಾಳೆ. ಮಗನಿಗೆ ತಿಳಿಯಬಾರದೆಂದು ಗಾಜಿನ ಬಳೆ ತೊಡುತ್ತಾಳೆ. ಮಗ ಮಣಿಪಾಲದ ಅಂಗಡಿಯಲ್ಲಿ ಗೆಳೆಯರ ಸಮಕ್ಕೆ ಖರ್ಚು ಮಾಡುತ್ತಾನೆ. ಮೂರನೆಯ ವರ್ಷದಲ್ಲಿ ಎಂದೋ ಯಾರಿಂದಲೋ ವಿಷಯ ತಿಳಿದಾಗ ಅವನಿಗಾಗುವ ವ್ಯಥೆಗೆ ಹೊಣೆ ಯಾರು? ತಿಳಿದಿದ್ದರೆ ಅವನು ಹಾಗೆ ನಡೆಯುತ್ತಿರಲಿಲ್ಲವೆಂಬುದೂ ಸಾಧ್ಯ. ಬೇಸಗೆಯ ಒಂದು ಸಂಜೆ ಶುಲ್ಕ, ಬಸ್ಸು, ಊಟ, ಪುಸ್ತಕ ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು, ಬರುವುದೆಷ್ಟು ಹೋಗುವುದೆಷ್ಟು ಎಂದು ಮಕ್ಕಳೆದುರು ಕೂಡಿಸಿ ಕಳೆದು ತೋರಿಸುವುದೇ ಮೇಲು. ಸಾಲ ಬೇಕಾದರೆ, ಬ್ಯಾಂಕುಗಳ ಸಾಮಾನ್ಯ ಶಿಕ್ಷಣಸಾಲದ ಕ್ರಮದಲ್ಲಿ ನಾಲ್ಕು ಲಕ್ಷ ರೂಪಾಯಿಯವರೆಗೆ ಆಸ್ತಿಯ ಆಧಾರ ಕೇಳುವುದಿಲ್ಲ. ಬಳೆಗೆ ಕೈಹಾಕುವ ಮೊದಲು ಅದನ್ನು ವಿಚಾರಿಸಬಹುದು.

ಬಸ್ಸೋ ಹಾಸ್ಟೆಲೋ ಎಂಬ ಪ್ರಶ್ನೆ ಕಾಪುವಿನವರಿಗೆ ಬೇಗ ತೀರುತ್ತದೆ, ಕಾರ್ಕಳದವರಿಗೆ ತೀರುವುದಿಲ್ಲ. ಹಿರಿಯಡ್ಕ, ಪರ್ಕಳದ ದಾರಿಯಾಗಿ ಮಣಿಪಾಲಕ್ಕೆ ಹೋಗಿ ಬರುವುದರಲ್ಲಿ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಕಾಲ ಸಲ್ಲುತ್ತದೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ದೊರೆತ ಉಚಿತ ಪ್ರಯಾಣ ಸರಕಾರಿ ಬಸ್ಸಿನಲ್ಲಿ ಮಾತ್ರ. ಈ ಕಡೆಯ ದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚೆಂಬುದನ್ನು ಲೆಕ್ಕ ಹಾಕುವಾಗ ನೆನಪಿಡಬೇಕು. ಮೇ ತಿಂಗಳಲ್ಲೊಂದು ದಿನ, ಕಾಲೇಜಿನ ಹೊತ್ತಿಗೆ ಸರಿಯಾಗಿ, ಮಗು ಒಂಟಿಯಾಗಿ ಹೋಗಿ ಬರಲಿ. ಹಿಂದಿನ ಬಸ್ಸಿನಲ್ಲಿ ತಂದೆ ಅಡಗಿ ಕುಳಿತು ಹಿಂಬಾಲಿಸುವುದು ಬೇಡ.

ಹಾಸ್ಟೆಲಿಗೆ ಹೋಗುವ ಗಂಡುಮಗನಿಗೆ ಬಟ್ಟೆ ಒಗೆಯಲು, ಅಂಗಿಗೆ ಗುಂಡಿ ಹೊಲಿಯಲು, ಜ್ವರ ಬಂದ ದಿನ ಒಂದಿಷ್ಟು ಗಂಜಿ ಬೇಯಿಸಿಕೊಳ್ಳಲು ಬರಬೇಕು. ಊರೂರುಗಳಲ್ಲಿ ಅಡಿಗೆ ಮಾಡಿ ಹೆಸರು ಗಳಿಸಿದ ಉಡುಪಿಯ ಗಂಡಸರ ಮನೆಗಳಲ್ಲೇ ‘ನಮ್ಮ ಹುಡುಗನಿಗೆ ಒಲೆ ಹೊತ್ತಿಸಲೂ ಬಾರದು’ ಎಂದು ಹೆಮ್ಮೆಯಿಂದ ಹೇಳುವುದು ವಿಚಿತ್ರವೇ ಸರಿ. ಹಿರಿಯ ವಿದ್ಯಾರ್ಥಿಗಳ ಪೀಡನೆಯ ಭಯವಿದ್ದರೆ, 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಟ್ಟರಾಯಿತು. ಕಥೆಗಳನ್ನು ಹೇಳಿ ಹೆದರಿಸಬೇಕಾಗಿಲ್ಲ. ಉಡುಪು ತೊಡುಪುಗಳ ಮಾತು ಹೆಚ್ಚು ಬೇಡ: ಜೂನಿನ ಮಳೆಯಲ್ಲಿ ಹೊಸ ಬೂಟು ಒಂದು ವಾರ ಬಾಳದು. ಗಟ್ಟಿಯಾದ ಕೊಡೆ, ನೀರು ಹೋಗದ ಚೀಲ, ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಮೊದಲ ತಿಂಗಳು ಕಳೆಯುತ್ತದೆ.

ಹಾಸ್ಟೆಲಿನಿಂದ ಮೊದಲ ಶನಿವಾರ ಮಗು ಮನೆಗೆ ಬಂದಾಗ ಅಡಿಗೆಮನೆಯಿಂದ, ಜಗಲಿಯಿಂದ, ಮಸ್ಕತ್ತಿನಿಂದ ಏಕಕಾಲಕ್ಕೆ ಪ್ರಶ್ನೆಗಳು ಹೊರಡುತ್ತವೆ. ಆ ರಾತ್ರಿ ಹಲಸಿನ ಹಪ್ಪಳ ಕರಿದು ಊಟ ಬಡಿಸಿದರೆ ಸಾಕು. ಪ್ರಶ್ನೆಗಳು ಭಾನುವಾರದವರೆಗೆ ಕಾದಾವು.