ವಿಕಿರಣ ಚಿಕಿತ್ಸೆ ಮುಗಿದ ಬಳಿಕ

ಮಿದುಳಿನ ಗೆಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆಯುವ ಗೆಡ್ಡೆ ಬಹುಮಟ್ಟಿಗೆ ಅನ್ಯ ಅಂಗಗಳಿಗೆ ಹರಡದು. ಶಸ್ತ್ರಕ್ರಿಯೆಗೆ ನಿಲುಕದೆ ಉಳಿದ ಭಾಗಕ್ಕೆ ಸಾಮಾನ್ಯವಾಗಿ 5–6 ವಾರಗಳ ಕಾಲ ವಿಕಿರಣವನ್ನು ಕೊಡುವರು. ಆಗಿನ ಆಯಾಸ, ಕೂದಲುದುರುವಿಕೆಗಳು ಕೆಲವು ತಿಂಗಳುಗಳಲ್ಲಿ ಬಹುತೇಕ ಶಮನವಾಗುತ್ತವೆ.

ಆದರೆ ವರ್ಷಗಳು ಕಳೆದ ಮೇಲೂ ಗ್ರಂಥಿಯ ಹಾರ್ಮೋನುಗಳು ಕುಗ್ಗಬಹುದು. ಆಗ ನಿಶ್ಶಕ್ತಿ, ಮಂಕು, ಚಳಿಯನ್ನು ತಾಳಲಾರದ ಸ್ಥಿತಿ ತಲೆದೋರುತ್ತವೆ. ಇದನ್ನು ಸೋಮಾರಿತನವೆಂದು ಹಳಿಯುವುದು ಅನ್ಯಾಯ. ರಕ್ತಪರೀಕ್ಷೆಯಿಂದ ಕೊರತೆಯನ್ನು ಅರಿಯಬಹುದು, ಔಷಧದಿಂದ ತುಂಬಬಹುದು.

ಚಳ್ಳಕೆರೆ, ಮೊಳಕಾಲ್ಮೂರುಗಳ ರೋಗಿಯು ವಿಕಿರಣಕ್ಕಾಗಿ 200 ಕಿಲೋಮೀಟರಿನಷ್ಟು ಅಥವಾ ಇನ್ನೂ ದೂರ ಕ್ರಮಿಸಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದೀತು. ವರ್ಷಕ್ಕೊಮ್ಮೆಯ ರಕ್ತಪರೀಕ್ಷೆಗೂ ಆ ಪಯಣವೇಕೆ? ತಾಲ್ಲೂಕು ಆಸ್ಪತ್ರೆಯಲ್ಲಿಯೇ ರಕ್ತ ತೆಗೆದು ಕಳುಹಿಸುವ ಏರ್ಪಾಡಿರಲಿ. ಪಡೆದ ವಿಕಿರಣದ ಪ್ರಮಾಣ, ಮುಂದಿನ ಪರೀಕ್ಷೆಗಳ ವಿವರ ಕನ್ನಡದಲ್ಲಿ ರೋಗಿಯ ಕೈಯಲ್ಲಿರಲಿ. ಚಿಕಿತ್ಸೆ ಮುಗಿದರೂ ಎಚ್ಚರ ಮುಗಿಯಬಾರದು.