ಗಣಿವಿದ್ಯೆಯೂ ಭೀಮಾತೀರದ ತರುಣರೂ

ಪರರಾಷ್ಟ್ರಗಳ ಭೂವಿಜ್ಞಾನಿಗಳು ಹೈದರಾಬಾದಿಗೆ ಬಂದು ಖನಿಜಶೋಧನೆಯ ವಿದ್ಯೆಯನ್ನು ಕಲಿತು ಹೋಗುತ್ತಿರುವುದು ಭಾರತೀಯರೆಲ್ಲರಿಗೂ ಅಭಿಮಾನದ ಸಂಗತಿಯೇ ಸರಿ. ಭಾರತ ಸರಕಾರವು 1964ರಲ್ಲಿ ಆರಂಭಿಸಿದ ತಾಂತ್ರಿಕ ಸಹಕಾರದ ಯೋಜನೆಯ ಮೇರೆಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ತರಬೇತಿ ಸಂಸ್ಥೆಯು ಮಿತ್ರರಾಷ್ಟ್ರಗಳ ಶಿಕ್ಷಣಾರ್ಥಿಗಳಿಗೆ ಈ ಅವಕಾಶವನ್ನು ಒದಗಿಸಿದೆ. ಆ ಸಂಸ್ಥೆಯ ಕ್ಷೇತ್ರಶಿಕ್ಷಣ ಕೇಂದ್ರವೊಂದು ನಮ್ಮ ಚಿತ್ರದುರ್ಗದಲ್ಲಿಯೇ ಇದೆ. ದೂರದೇಶದವರಿಗೆ ಲಭಿಸುವ ಈ ಅನುಭವವು, ಹೈದರಾಬಾದಿಗೆ ನೆರೆಯವರಾದ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ವಿದ್ಯಾರ್ಥಿಗಳಿಗೂ ಲಭಿಸಬೇಡವೇ?

ಆಳಂದ, ಅಫಜಲಪುರಗಳ ಎರೆಭೂಮಿಯ ಕೆಳಗೆ ಇರುವುದು ಕರಿಗಲ್ಲು. ಭೀಮೆಯ ಹರಿವನ್ನು ಅನುಸರಿಸಿ ಜೇವರ್ಗಿ, ಶಹಾಬಾದ, ವಾಡಿಗಳ ಕಡೆಗೆ ಸಾಗಿದರೆ ಸುಣ್ಣಕಲ್ಲಿನ ಪದರುಗಳು ತೋರುವವು. ಶಹಾಬಾದದ ಹಾಸುಗಲ್ಲಿನ ಕೀರ್ತಿಯೂ ಅಲ್ಲಿಯ ಸಿಮೆಂಟಿನ ಉದ್ಯಮವೂ ವಾಚಕರಿಗೆ ತಿಳಿದವೇ. ಇಂತಹ ನಾಡಿನಲ್ಲಿ ಕಲ್ಲು ಒಡೆಯುವ ಶ್ರಮವಷ್ಟೇ ನಮ್ಮವರ ಪಾಲಿಗೆ ಬಂದು, ಅದನ್ನು ನಡೆಸುವ ವಿದ್ಯೆಯು ಅನ್ಯರ ಪಾಲಾಗುವುದು ಎಂದಿಗೂ ಉಚಿತವಲ್ಲ.

ಗಣಿವಿದ್ಯೆಯು ಕೇವಲ ಪುಸ್ತಕದಿಂದ ಬರುವಂತಹದಲ್ಲ. ಬಂಡೆಯ ಒತ್ತಡ, ಸುರಂಗದೊಳಗಿನ ಗಾಳಿಯ ಸಂಚಾರ, ನೀರೆತ್ತುವ ಕ್ರಮ, ಮದ್ದು ಸಿಡಿಸುವ ಎಚ್ಚರ, ಇವೆಲ್ಲವನ್ನು ಗಣಿಯಲ್ಲಿ ನಿಂತೇ ಕಲಿಯಬೇಕು. ಮೂರು ಕಿಲೋಮೀಟರಿಗೂ ಮಿಕ್ಕು ಆಳಕ್ಕಿಳಿದಿದ್ದ ಕೋಲಾರದ ಚಿನ್ನದ ಗಣಿಯು ಅಂತಹ ಪಾಠಶಾಲೆಯಾಗಿತ್ತು. ಅದು 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯಲಾಗುತ್ತಿದೆ. ನಾನಾ ದೇಶಗಳ ಬಂಡೆಯನ್ನು ಬಲ್ಲವರೊಡನೆ ಕೂಡಿ ಕಲಿತ ವಿದ್ಯಾರ್ಥಿಯು ಹಟ್ಟಿಯ ಸುರಂಗಕ್ಕಿಳಿದರೆ ಅವನ ವಿದ್ಯೆಗೆ ಪೂರ್ಣತೆ ಬಂದೀತು.

ಸಾಧನಗಳಿಗೆ ಕೊರತೆಯಿಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿರುವ, 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಭೂವಿಜ್ಞಾನವನ್ನು ಬೋಧಿಸುತ್ತಿದೆ. ಗಣಿಬಾಧಿತ ಪ್ರದೇಶಗಳ ಹಿತಕ್ಕಾಗಿ 2015ರ ಕಾಯಿದೆಯು ಜಿಲ್ಲಾ ಖನಿಜ ನಿಧಿಯನ್ನು ಏರ್ಪಡಿಸಿದೆ. ಶಿಕ್ಷಣವೂ ಅದರ ಉದ್ದೇಶಗಳಲ್ಲೊಂದು. ಆ ನಿಧಿಗೆ ಒಳಪಡದ ಹಳ್ಳಿಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ನೆರವಾಗಬಹುದು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಮೀಸಲಾತಿಯು ಸಾರ್ಥಕವಾಗಬೇಕಾದರೆ, ಆ ಸ್ಥಾನಗಳಿಗೆ ತಕ್ಕ ತರುಣರನ್ನು ಸಿದ್ಧಗೊಳಿಸಬೇಕಷ್ಟೆ.

ಆದುದರಿಂದ ಈ ಮೂರು ತಾಲೂಕುಗಳ ಅರ್ಹ ವಿದ್ಯಾರ್ಥಿಗಳಿಗೆ ಪ್ರತಿವರ್ಷ ವೇತನವನ್ನು ಕೊಟ್ಟು, ಹೈದರಾಬಾದಿನ ಶಿಕ್ಷಣದಲ್ಲಿಯೂ ಹಟ್ಟಿಯ ಗಣಿಯಲ್ಲಿಯೂ ಸ್ಥಾನ ದೊರಕಿಸಬೇಕೆಂದು ಅಧಿಕಾರಿಗಳಲ್ಲಿ ನಮ್ಮ ಆಗ್ರಹವಿದೆ. ಕಲಿತವರು ಮರಳಿ ಬರುವರೇ ಎಂಬ ಶಂಕೆಯುಳ್ಳವರಿಗೆ ನಮ್ಮ ಉತ್ತರವಿಷ್ಟೇ: ಊರಿನಲ್ಲಿ ತಕ್ಕ ಉದ್ಯೋಗವಿದ್ದರೆ ಬಂದೇ ಬರುವರು. ಸುಣ್ಣಕಲ್ಲು ವರ್ಷವರ್ಷವೂ ಬೆಳೆಯುವ ತೊಗರಿಯಲ್ಲ. ಅದು ತೀರುವ ಮೊದಲೇ ಅದರ ವಿದ್ಯೆಯು ನಮ್ಮ ಮಕ್ಕಳಿಗೆ ಸೇರಬೇಕು.